ಒದ್ದೆ ಕಟ್ಟಿಗೆಗೆ ಮೇಣದ ಇಡ್ಲಿ

ಪುಣೆಯ ಕಸಬಾ ಪೇಠೆಯ ಹಳೆಯ ವಾಡೆಯೊಂದರ ಕೆಳಗಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಸ್ನಾನದ ನೀರು ಕಾಯುವುದು ಇಂದಿಗೂ ಹಿತ್ತಲಿನ ತಾಮ್ರದ ಬಂಬಿನಲ್ಲಿ. ಹತ್ತಿರದ ತಾಂಬಟ ಆಳಿಯಲ್ಲಿ, ಅಂದರೆ ತಾಮ್ರದ ಕೆಲಸದವರ ಓಣಿಯಲ್ಲಿ, ಬಡಿಸಿದ ಹಳೆಯ ಬಂಬು ಅದು: ನಡುವೆ ಕೊಳವೆಯಂತಹ ಒಲೆ, ಅದರ ಸುತ್ತ ನೀರು, ಅಡಿಯಲ್ಲಿ ಬೂದಿ ಉದುರುವ ಜಾಲರಿ. ಕೊಳವೆ ಒಮ್ಮೆ ಬಿಸಿಯಾದರೆ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಕಷ್ಟವೆಲ್ಲ ಮೊದಲ ಹತ್ತು ನಿಮಿಷದ್ದು, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ತಾಡಪಾಲಿನಡಿ ಮುಚ್ಚಿಟ್ಟ ಕಟ್ಟಿಗೆ ಕೂಡ ಗಾಳಿಯ ತೇವ ಹೀರಿ ಭಾರವಾಗುವ ದಿನಗಳಲ್ಲಿ.

ಬಹಳ ದಿನ ಕರ್ಪೂರವನ್ನೇ ನಂಬಿದ್ದೆ. ಅದು ಭರ್ರೆಂದು ಹೊತ್ತುತ್ತದೆ, ಆದರೆ ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ತೇವದ ಕಟ್ಟಿಗೆಯೊಳಗಿನ ನೀರು ಆವಿಯಾಗಿ ಹೊರಬೀಳುವವರೆಗೆ ಕಟ್ಟಿಗೆ ಹೊತ್ತುವುದಿಲ್ಲವಾದ್ದರಿಂದ, ಕರ್ಪೂರ ಆರುವ ಹೊತ್ತಿಗೆ ಕಟ್ಟಿಗೆಯ ತುದಿಯಲ್ಲಿ ನೊರೆ ಬಂದು ಸುಂಯ್‌ಗುಟ್ಟುತ್ತಿರುತ್ತಿತ್ತು, ನಾನು ಊದುಗೊಳವೆ ಹಿಡಿದು ಕಣ್ಣೀರು ಸುರಿಸುತ್ತ ಕುಳಿತಿರುತ್ತಿದ್ದೆ, ಮೇಲಿನ ಮನೆಯ ಕಾಕು ಹೊಗೆಗೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಹತ್ತು ನಿಮಿಷ ಒಂದೇ ಸಮನೆ ಉರಿಯುವ ಯಾವುದಾದರೊಂದು ವಸ್ತು ಬೇಕಾಗಿತ್ತು. ಸೀಮೆಎಣ್ಣೆಯ ಮಾತನ್ನು ನಾನು ಎತ್ತಲೇ ಇಲ್ಲ. ಕಿರಿದಾದ ಹಿತ್ತಲಲ್ಲಿ ಅದರ ವಾಸನೆಯೂ ಅಪಾಯವೂ ಬೇಡವೆನಿಸಿತು.

ಅಂಥದ್ದನ್ನು ನಾನೇ ಮಾಡಿಕೊಳ್ಳಲು ಮನೆಯಲ್ಲಿ ಬಿದ್ದಿದ್ದುದು ಮೂರು ಸಾಮಾನು: ಮೊಟ್ಟೆ ಬರುವ ರಟ್ಟಿನ ಟ್ರೇ, ದೀಪಾವಳಿಯ ಮತ್ತು ಕರೆಂಟು ಹೋದ ರಾತ್ರಿಗಳ ಮೇಣದ ಬತ್ತಿಯ ಮೋಟು ತುಂಡುಗಳು, ತೆಂಗಿನಕಾಯಿಯ ಗುಂಜು. ಮರದ ಹೊಟ್ಟನ್ನು ಮಾತ್ರ ಹೊರಗಿನಿಂದ ತಂದೆ. ಮೊದಲ ಸಲ ಪೀಠೋಪಕರಣದ ಅಂಗಡಿಯೊಂದರಿಂದ ತಂದದ್ದು ಪ್ಲೈವುಡ್ಡಿನ ಹೊಟ್ಟಾಗಿತ್ತು. ಉರಿಯುವಾಗ ಅದರ ಅಂಟಿನ ಘಾಟು ಗಂಟಲು ಹಿಡಿಯಿತು. ಅಂದಿನಿಂದ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿಗೆ ಹೋಗಿ ಗಟ್ಟಿ ಮರ ಕೊಯ್ಯುವಲ್ಲಿಯ ಹೊಟ್ಟನ್ನೇ ಚೀಲದಲ್ಲಿ ತುಂಬಿಸಿಕೊಂಡು ಬರುತ್ತೇನೆ.

ಮೇಣ ಕರಗಿಸುವಾಗ ಮೊದಲು ದೊಡ್ಡ ತಪ್ಪನ್ನೇ ಮಾಡಿದೆ. ಹಳೆಯ ಬಾಣಲೆಯನ್ನು ನೇರವಾಗಿ ಗ್ಯಾಸಿನ ಮೇಲಿಟ್ಟು, ಬಾಗಿಲಲ್ಲಿ ಯಾರೋ ಕರೆದರೆಂದು ಹೋಗಿ ಬರುವಷ್ಟರಲ್ಲಿ ಮೇಣದಿಂದ ಬಿಳಿಯ ಹೊಗೆ ಏಳುತ್ತಿತ್ತು. ಹೊತ್ತಿಕೊಳ್ಳುವ ಮಟ್ಟಕ್ಕೆ ಅದು ಎಷ್ಟು ಹತ್ತಿರ ಬಂದಿತ್ತೆಂಬುದು ಆಮೇಲೆ ತಿಳಿದು ಮೈ ನಡುಗಿತು. ಹೊತ್ತಿದ ಮೇಣಕ್ಕೆ ನೀರು ಸುರಿದರೆ ನೀರು ಆ ಕ್ಷಣವೇ ಆವಿಯಾಗಿ, ಉರಿಯುವ ಮೇಣವನ್ನು ಸುತ್ತಲೂ ಸಿಡಿಸುತ್ತದೆ. ಗ್ಯಾಸು ಆರಿಸಿ ಪಾತ್ರೆಗೆ ಮುಚ್ಚಳ ಮುಚ್ಚುವುದೇ ದಾರಿ. ಈಗ ದೊಡ್ಡ ಪಾತೇಲಿಯಲ್ಲಿ ನೀರಿಟ್ಟು, ಅದರೊಳಗೆ ಹಳೆಯ ತಗಡಿನ ಡಬ್ಬಿ ಕೂರಿಸಿ ಮೇಣ ಕರಗಿಸುತ್ತೇನೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುವುದರಿಂದ, ಪಾತೇಲಿಯಲ್ಲಿ ನೀರಿರುವ ತನಕ ಮೇಣ ಅದಕ್ಕಿಂತ ಹೆಚ್ಚು ಕಾಯಲಾರದು. ಬತ್ತಿಯ ಮೇಣ ಕರಗಲು 60 ಡಿಗ್ರಿಯ ಆಸುಪಾಸು ಸಾಕು. ಕಾದ ಮೇಣಕ್ಕೆ ಕರ್ಪೂರದ ಪುಡಿ ಬೆರೆಸಿದರೆ ಬೇಗ ಹೊತ್ತೀತೆಂಬ ಆಸೆ ಯಾರಿಗೂ ಬೇಡ. ಆ ಬಿಸಿಗೆ ಏಳುವ ಕರ್ಪೂರದ ಆವಿ ಹತ್ತಿರದ ಬೆಂಕಿಯಿಂದ ಹೊತ್ತಿಕೊಳ್ಳಬಹುದು.

ಟ್ರೇಯ ಪ್ರತಿ ಗುಳಿಯ ತಳಕ್ಕೆ ಬಿಡಿಸಿದ ಗುಂಜಿನ ಎಳೆಗಳನ್ನು ಹಾಸಿ, ಕೆಲವು ಎಳೆಗಳನ್ನು ಅಂಚಿನಿಂದ ಹೊರಗೆ ಚಾಚಿಸಿ, ಮೇಲೆ ಹೊಟ್ಟನ್ನು ಒತ್ತದೆ ಸಡಿಲವಾಗಿ ತುಂಬುತ್ತೇನೆ. ಅದರ ಮೇಲೆ ಚಮಚದಿಂದ ಮೇಣ. ಮೂವತ್ತು ಗುಳಿಗಳ ಟ್ರೇಗೆ ಅರ್ಧ ಕಿಲೋದಷ್ಟು ಮೇಣ ಹಿಡಿಯುತ್ತದೆ. ಮೊದಲ ಸಲ ಧಾರಾಳವಾಗಿ ಗುಳಿ ತುಂಬ ಸುರಿದಿದ್ದೆ. ಅವು ಕಲ್ಲಿನಂತಾಗಿ, ಕಡ್ಡಿ ಮೇಲೆ ಕಡ್ಡಿ ಗೀರಿದರೂ ಅಂಚಿನ ರಟ್ಟು ಸುಟ್ಟು ಕರಗಿದ ಮೇಣ ಜಾಲರಿಯಿಂದ ಬೂದಿಗೆ ತೊಟ್ಟಿಕ್ಕಿತು. ಉರಿಯುವುದು ಮೇಣದ ಆವಿ. ಕರಗಿದ ಮೇಣವನ್ನು ಮೇಲಕ್ಕೆಳೆದು ಕೊಡುವ ಬತ್ತಿಯ ಕೆಲಸವನ್ನು ಇಲ್ಲಿ ಹೊಟ್ಟು, ನಾರು ಮತ್ತು ರಟ್ಟು ಮಾಡುತ್ತವೆ. ಆದ್ದರಿಂದ ಹೊಟ್ಟಿನ ಪ್ರತಿ ಕಣ ನೆನೆದು, ಮೇಲೆ ಮೇಣ ಹೊಳೆಯುತ್ತ ನಿಲ್ಲದಿರುವಷ್ಟೇ ಹಾಕಬೇಕು. ತಣಿದ ಮೇಲೆ ಬೆರಳಿಂದ ಒತ್ತಿದರೆ ಮೇಲ್ಮೈ ಉಪ್ಪಿಟ್ಟಿನಂತೆ ತುಸು ತರಿತರಿಯಾಗಿರಬೇಕು, ಗಾಜಿನಂತೆ ನುಣುಪಾಗಿರಬಾರದು.

ಮೇಣ ಉಳಿಸಲೆಂದು ಒಮ್ಮೆ ಕರಿದುಳಿದ ವನಸ್ಪತಿಯಲ್ಲಿ ಹೊಟ್ಟನ್ನು ನೆನೆಸಿದ್ದೂ ಉಂಟು. ಚೆನ್ನಾಗಿಯೇ ಉರಿದವು. ಆದರೆ ಮೂರನೆಯ ರಾತ್ರಿ ಇಲಿಗಳು ಬಂದು ಟ್ರೇ ಸಮೇತ ತಿಂದುಹೋದವು; ಬೆಳಿಗ್ಗೆ ಸಿಕ್ಕಿದ್ದು ನಾರು ಮಾತ್ರ. ಚಳಿಗಾಲದಲ್ಲಿ ನಾಗಪುರದ ಕಿತ್ತಳೆ ಬಂದಾಗ ಸಿಪ್ಪೆಗಳನ್ನು ನಾಲ್ಕೈದು ದಿನ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಚೂರು ಮಾಡಿ ಹೊಟ್ಟಿನ ಮೇಲೆ ಉದುರಿಸುತ್ತೇನೆ. ಅದರೊಳಗಿನ ಎಣ್ಣೆ ಚಟಚಟನೆ ಹೊತ್ತುತ್ತದೆ, ಘಮವೂ ಬರುತ್ತದೆ. ಅದು ಸೊಗಸಿಗಷ್ಟೇ.

ಧಾರವಾಡದಿಂದ ಬಂದಿದ್ದ ಅವ್ವ ಇದನ್ನೆಲ್ಲ ನೋಡಿ, "ಒಂದ್ ಚೂರು ಕುಳ್ಳ ಇಟ್ಟಿದ್ರ ಆಗ್ತಿತ್ತಲ್ಲೋ, ಇಷ್ಟ್ಯಾಕ ಒದ್ದಾಡ್ತಿ?" ಎಂದಳು. ಒಣ ಕುಳ್ಳಿನ (ಬೆರಣಿಯ) ಗುಣವನ್ನು ನಾನು ಅಲ್ಲಗಳೆಯಲಿಲ್ಲ, ಆದರೆ ಪುಣೆಯ ಜುಲೈನಲ್ಲಿ ಕುಳ್ಳು ಕಟ್ಟಿಗೆಗಿಂತ ಮೊದಲು ತೇವ ಹಿಡಿಯುತ್ತದೆ. ಮೇಣ ಕುಡಿದ ಹೊಟ್ಟಿಗೆ ಆ ಭಯವಿಲ್ಲ. ಮರುದಿನ ಅವಳೇ ಟ್ರೇಯಿಂದ ಒಂದು ಗುಳಿಯನ್ನು ಕತ್ತರಿಸಿ, ಜಾಲರಿಯ ಮೇಲಿಟ್ಟು, ಹೊರಚಾಚಿದ ಎಳೆಗೆ ಒಂದೇ ಕಡ್ಡಿ ತಾಗಿಸಿ, ಸೀಳಿದ ಚಕ್ಕೆಗಳನ್ನು ಗಾಳಿಯಾಡುವಂತೆ ಅಡ್ಡಡ್ಡ ಜೋಡಿಸಿದಳು. ಗಡಿಯಾರ ನೋಡಿದೆ: ಹನ್ನೊಂದು ನಿಮಿಷ ಉರಿಯಿತು, ಏಳನೆಯ ನಿಮಿಷಕ್ಕೆ ಚಕ್ಕೆಗಳು ಸ್ವಂತ ಬಲದಿಂದ ಹೊತ್ತಿದ್ದವು. "ಮೇಣದ ಇಡ್ಲಿ" ಎಂದು ಹೆಸರಿಟ್ಟವಳೂ ಅವಳೇ.

ಮೊದಲ ಒಂದೆರಡು ನಿಮಿಷ ಕಪ್ಪು ಹೊಗೆ ಬರುವುದುಂಟು, ಬಣ್ಣದ ಹಾಗೂ ಪರಿಮಳದ ಬತ್ತಿಗಳ ಮೇಣವಾದರೆ ಇನ್ನೂ ಹೆಚ್ಚು. ಹಾಗಾಗಿ ಶೆಗಡಿಯ (ಇದ್ದಿಲ ಒಲೆಯ) ಮೇಲೆ ಬದನೆಕಾಯಿ ಸುಡುವುದಿದ್ದರೆ ಇಡ್ಲಿ ಪೂರ್ತಿ ಉರಿದು ಮುಗಿದು ಇದ್ದಿಲು ಕೆಂಡವಾಗುವವರೆಗೆ ಕಾಯುತ್ತೇನೆ. ತಯಾರಾದವನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ, ಒಲೆಯಿಂದಲೂ ಬಿಸಿಲಿನಿಂದಲೂ ದೂರ ಇಡುತ್ತೇನೆ. ಏಪ್ರಿಲ್‌ನ ಬಿಸಿಲಿಗೆ ಕಿಟಕಿಯಲ್ಲಿ ಮರೆತಿದ್ದ ಟ್ರೇ ಒಂದು ಮೆತ್ತಗಾಗಿ ಅಂಟಿಕೊಂಡಿತ್ತು. ಮಳೆಗಾಲಕ್ಕೆ ನಾಲ್ಕು ಟ್ರೇ ಬೇಕಾಗುತ್ತದೆ. ಕಟ್ಟಿಗೆ ಒಣಗಿರುವ ತಿಂಗಳುಗಳಲ್ಲಿ ಒಂದು ಇಡ್ಲಿಯನ್ನು ಚಾಕುವಿನಿಂದ ಎರಡು ಹೋಳು ಮಾಡಿ ಅರ್ಧವನ್ನೇ ಹಚ್ಚುತ್ತೇನೆ.