ಆಂಜಿಯೋಗ್ರಾಂ ರಿಪೋರ್ಟ್ ಓದುವುದು ಹೇಗೆ?

ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂ ಮುಗಿದು, ‘ಎಂಬತ್ತು ಪರ್ಸೆಂಟ್ ಬ್ಲಾಕ್ ಇದೆಯಂತೆ’ ಎಂಬ ಸುದ್ದಿ ಮನೆ ತಲುಪಿದರೆ ಎರಡರಲ್ಲೊಂದು ನಡೆಯುತ್ತದೆ. ಆಂಜಿಯೋಗ್ರಾಂ ಮಾಡುವ ಕೋಣೆಯಾದ ಕ್ಯಾತ್ ಲ್ಯಾಬ್ ಬಾಗಿಲಲ್ಲಿ ನಿಂತೇ, ನಾಳವನ್ನು ತೆರೆದಿಡುವ ಜಾಲರಿ ಕೊಳವೆಯಾದ ಸ್ಟೆಂಟ್‌ಗೆ ಸಹಿ ಬೀಳುತ್ತದೆ. ಇಲ್ಲವೇ ರಿಪೋರ್ಟು ಬೀರು ಸೇರಿ, ಬ್ಲಾಕ್ ಕರಗಿಸುವ ಮನೆಮದ್ದೆಂದು ಬೆಳ್ಳುಳ್ಳಿ, ಶುಂಠಿ, ನಿಂಬೆ, ವಿನೆಗರ್ ಒಲೆಗೇರುತ್ತವೆ. ಪರ್ಸೆಂಟ್ ಬಿಟ್ಟು ಬೇರೇನನ್ನೂ ಓದದಿರುವುದೇ ಎರಡಕ್ಕೂ ಕಾರಣ.

1. ತುರ್ತೇ, ಅಲ್ಲವೇ?

ಕೂತಲ್ಲೇ ಎದೆನೋವು, ತಣ್ಣನೆ ಬೆವರು, ದವಡೆಗೋ ತೋಳಿಗೋ ಹರಿಯುವ ನೋವು ಬಂದರೆ ಹಾರ್ಟ್ ಅಟ್ಯಾಕ್ ಎಂದೇ ತಿಳಿದು 108ಕ್ಕೆ ಕರೆ ಮಾಡಿ. ಪರಿಚಯದ ಆಸ್ಪತ್ರೆಗೇ ಹೋಗಬೇಕೆಂದು ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟುವ ಸಾಹಸ ಬೇಡ. 24 ಗಂಟೆ ಕ್ಯಾತ್ ಲ್ಯಾಬ್ ಇರುವ ಹತ್ತಿರದ ಆಸ್ಪತ್ರೆ ಸಾಕು. ಆಸ್ಪತ್ರೆ ತಲುಪಿದ 90 ನಿಮಿಷದೊಳಗೆ ಮುಚ್ಚಿದ ನಾಳ ತೆರೆಯಬೇಕೆಂಬುದು ವೈದ್ಯರ ಗುರಿ. ಅಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ, ಚರ್ಚೆಗೆ ಹೊತ್ತಲ್ಲ. ಕೆಳಗಿನದೆಲ್ಲ ಬೇರೆಯವರಿಗೆ: ಲಾಲ್‌ಬಾಗಿನ ಬಂಡೆ ಹತ್ತುವಾಗ ಎದೆ ಬಿಗಿದು, ನಿಂತರೆ ಕೆಲವೇ ನಿಮಿಷದಲ್ಲಿ ಸರಿಹೋಗುವ, ತಿಂಗಳುಗಳಿಂದ ಹೆಚ್ಚದೆ ಹಾಗೇ ಇರುವ ನೋವಿನವರಿಗೆ.

2. ಸಿ.ಡಿ. ಕೇಳಿ ಪಡೆಯಿರಿ

ಕಾಗದದ ಜತೆ ವಿಡಿಯೊ ಇರುವ ಸಿ.ಡಿ.ಯೂ ಬೇಕು. ಅದಿಲ್ಲದೆ ಎರಡನೇ ಅಭಿಪ್ರಾಯ ಅರ್ಧಂಬರ್ಧ.

3. ಸಂಖ್ಯೆಗಿಂತ ಮೊದಲು ಜಾಗ

ಹೆಚ್ಚಿನವರು ಎಡವುವುದು ಇಲ್ಲಿ. ರಿಪೋರ್ಟಿನಲ್ಲಿ ಮೊದಲು ‘ಎಲ್‌ಎಂಸಿಎ’ ಎಂಬ ಸಾಲು ಹುಡುಕಿ. ಅದು ಹೃದಯಕ್ಕೆ ರಕ್ತ ಒಯ್ಯುವ ಎಡಭಾಗದ ನಾಳಗಳ ಮುಖ್ಯ ಬುಡ. ಅಲ್ಲಿ 50 ಪರ್ಸೆಂಟ್ ಇದ್ದರೂ ವಿಷಯ ಗಂಭೀರ. ಆಮೇಲೆ ‘ಎಲ್‌ಎಡಿ’, ‘ಎಲ್‌ಸಿಎಕ್ಸ್’, ‘ಆರ್‌ಸಿಎ’ ಎಂಬ ಮೂರು ದೊಡ್ಡ ನಾಳಗಳು. ಪಕ್ಕದಲ್ಲಿ ‘ಪ್ರಾಕ್ಸಿಮಲ್’ ಎಂದಿದ್ದರೆ ಅಡಚಣೆ ಬುಡದ ಹತ್ತಿರ, ‘ಡಿಸ್ಟಲ್’ ಎಂದಿದ್ದರೆ ತುದಿಯ ಕಡೆ. ತುದಿಯ ಸಣ್ಣ ಕವಲಿನ 90ಕ್ಕಿಂತ ಎಲ್‌ಎಡಿ ಬುಡದ 70 ಹೆಚ್ಚು ತೂಕದ್ದು.

ಇನ್ನು ಪರ್ಸೆಂಟ್. ಅದು ಸಾಮಾನ್ಯವಾಗಿ ಪರದೆ ನೋಡಿ ವೈದ್ಯರು ಮಾಡುವ ಕಣ್ಣಂದಾಜು. ಒಂದೇ ಚಿತ್ರಕ್ಕೆ ಇಬ್ಬರು 60, 75 ಎನ್ನಬಹುದು. ವ್ಯಾಸದ ಲೆಕ್ಕವೋ ವಿಸ್ತೀರ್ಣದ ಲೆಕ್ಕವೋ ಕೇಳಿ. ವ್ಯಾಸದಲ್ಲಿ 50 ಎಂದರೆ ವಿಸ್ತೀರ್ಣದಲ್ಲಿ 75! ಸ್ಕ್ಯಾನ್ ಮೂಲಕ ಮಾಡುವ ಸಿ.ಟಿ. ಆಂಜಿಯೋದಲ್ಲಂತೂ ನಾಳದ ಗೋಡೆಯ ಕ್ಯಾಲ್ಸಿಯಂ ಹೊಳಪು ಹರಡಿ ಬ್ಲಾಕ್ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

40ರಿಂದ 70ರ ನಡುವಿನ ಅನುಮಾನದ ಬ್ಲಾಕ್‌ಗೆ ‘ಎಫ್‌ಎಫ್‌ಆರ್ ಮಾಡಿದಿರಾ?’ ಎಂದು ಕೇಳಿ. ತೆಳು ತಂತಿಯೊಂದನ್ನು ಬ್ಲಾಕ್ ದಾಟಿಸಿ ಆಚೀಚಿನ ರಕ್ತದೊತ್ತಡ ಅಳೆದು, ಆಚಿನದು ಈಚಿನದರ ಎಷ್ಟು ಪಾಲು ಎಂದು ಹೇಳುವ ಪರೀಕ್ಷೆ ಅದು. 0.80 ಅಥವಾ ಕಡಿಮೆ ಬಂದರೆ ಹರಿವಿಗೆ ನಿಜವಾಗಿ ತಡೆ ಇದೆ, 0.88 ಬಂದರೆ ಸಾಮಾನ್ಯವಾಗಿ ಸ್ಟೆಂಟ್ ಬೇಡ.

4. ‘ಹಾಕಿದರೆ ನನಗೇನು ಲಾಭ?’

ಬ್ಲಾಕ್ ಎಂದರೆ ಕೊಳಾಯಿಯಲ್ಲಿ ಕಟ್ಟಿದ ಕಸವಲ್ಲ. ಎಷ್ಟೋ ಹಾರ್ಟ್ ಅಟ್ಯಾಕ್‌ಗಳು 50 ಪರ್ಸೆಂಟ್ ಕೂಡ ಇರದ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟುವುದರಿಂದ ಆಗುತ್ತವೆ. ಒಂದು ಕಡೆ ಸ್ಟೆಂಟ್ ಹಾಕಿದರೆ ಉಳಿದ ಪದರಗಳು ಹಾಗೇ ಇರುತ್ತವೆ. ಅವು ಒಡೆಯದಂತೆ ಗಟ್ಟಿ ಮಾಡುವುದು ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯಾದ ಸ್ಟ್ಯಾಟಿನ್. 2007ರ ‘ಕರೇಜ್’, 2020ರಲ್ಲಿ 5,179 ಜನರ ‘ಇಸ್ಕೀಮಿಯಾ’ ಅಧ್ಯಯನಗಳು ಹೇಳಿದ್ದೂ ಇದನ್ನೇ: ಸ್ಥಿರ ಎದೆನೋವಿನವರಲ್ಲಿ, ಒಳ್ಳೆಯ ಔಷಧದ ಜತೆಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ ಮಾತ್ರಕ್ಕೆ ಸಾವು ಕಡಿಮೆಯಾಗಲಿಲ್ಲ. ಆದರೆ ನೋವು ಕಡಿಮೆಯಾಗುತ್ತದೆ. 2023ರ ‘ಆರ್ಬಿಟಾ-2’ರಲ್ಲಿ ಹುಸಿ ಚಿಕಿತ್ಸೆಗೆ ಹೋಲಿಸಿದರೂ ಆ ಲಾಭ ಕಂಡಿತು. ಹಾಗಾಗಿ ಮಾತ್ರೆ ತೆಗೆದುಕೊಂಡರೂ ಮೆಟ್ಟಿಲು ಹತ್ತಲಾಗದವರಿಗೆ ಸ್ಟೆಂಟ್ ಸರಿಯೇ; ನೋವೇ ಇಲ್ಲದವರು ತಡೆದು ಕೇಳಲಿ. ಎಲ್‌ಎಂಸಿಎ ಬ್ಲಾಕ್ ಇರುವವರು, ಹೃದಯದ ಪಂಪಿಂಗ್ (ಎಕೋದಲ್ಲಿ ‘ಇ.ಎಫ್.’) 35 ಪರ್ಸೆಂಟ್‌ಗಿಂತ ಕಡಿಮೆ ಇರುವವರು ಈ ಲೆಕ್ಕದಲ್ಲಿಲ್ಲ. ಸಕ್ಕರೆ ಕಾಯಿಲೆಯ ಜತೆ ಮೂರೂ ನಾಳ ಕಟ್ಟಿದ್ದರೆ ಬೈಪಾಸ್ ಮಾಡುವ ಸರ್ಜನ್‌ರನ್ನೂ ಕಾಣದೆ ಸಹಿ ಹಾಕಬೇಡಿ. ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕಡೆ ಹೃದಯ ವೈದ್ಯರು, ಸರ್ಜನ್ ಇಬ್ಬರೂ ಒಂದೇ ಸೂರಿನಡಿ ಸಿಗುತ್ತಾರೆ.

‘ಆಪರೇಷನ್ ಇಲ್ಲದೆ ಬ್ಲಾಕ್ ಕರಗಿಸುತ್ತೇವೆ’ ಎನ್ನುವ ಕೀಲೇಷನ್ ಡ್ರಿಪ್‌ಗೆ (ರಕ್ತದ ಲೋಹದ ಅಂಶ ಹೊರಹಾಕುವ ಔಷಧವನ್ನು ನರದ ಮೂಲಕ ಹನಿಸುವುದು) ದುಡ್ಡು ಸುರಿಯಬೇಡಿ. ಮೊದಲೇ ಹಾರ್ಟ್ ಅಟ್ಯಾಕ್ ಆಗಿದ್ದ ಮಧುಮೇಹಿಗಳ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ‘ಟ್ಯಾಕ್ಟ್-2’ ಅದರಲ್ಲಿ ಲಾಭ ಕಾಣಲಿಲ್ಲ. ವಿನೆಗರ್ ರಸವೂ ಬ್ಲಾಕ್ ಕರಗಿಸುವುದಿಲ್ಲ.

5. ಬಿಲ್

2017ರ ಫೆಬ್ರುವರಿಯಿಂದ ಸ್ಟೆಂಟ್ ಬೆಲೆಗೆ ಕೇಂದ್ರದ ಮಿತಿಯಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಬ್ರ್ಯಾಂಡ್, ಬ್ಯಾಚ್ ನಂಬರ್, ಬೆಲೆ ಬೇರೆಯಾಗಿಯೇ ಇರಬೇಕು.

6. ಹಾಕಿಸಿಕೊಂಡ ಮೇಲೆ

ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ: ಆಸ್ಪಿರಿನ್ ಜತೆಗೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್. ಸ್ಥಿರ ನೋವಿನವರಿಗೆ ಸಾಮಾನ್ಯವಾಗಿ 6 ತಿಂಗಳು, ಅಟ್ಯಾಕ್ ಆದವರಿಗೆ 12. ಆಮೇಲೆ ಒಂದು ಮಾತ್ರೆ ಮುಂದುವರಿಯುತ್ತದೆ. ಟಿಕಾಗ್ರೆಲಾರ್ ದಿನಕ್ಕೆ ಎರಡು ಬಾರಿ; ರಾತ್ರಿಯದನ್ನು ಮರೆಯಬೇಡಿ. ಮಧ್ಯದಲ್ಲಿ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸಲು ದಂತವೈದ್ಯರು ಮಾತ್ರೆ ನಿಲ್ಲಿಸಿ ಎಂದರೂ, ಹೃದಯ ವೈದ್ಯರಿಗೆ ಫೋನ್ ಮಾಡಿ ಕೇಳಿದ ಮೇಲಷ್ಟೇ ನಿಲ್ಲಿಸಿ.