ಹತ್ತು ವರ್ಷ ದಾಟಿದ ಡಿಸ್ಪೋಸರ್: ನಾನು ಮಾಡಿದ್ದು ಇಷ್ಟೇ

ಗಾರ್ಬೇಜ್ ಡಿಸ್ಪೋಸರ್ ಅಂದರೆ ಸಿಂಕ್ ಕೆಳಗೆ ಕೂತು ಅಡುಗೆಮನೆ ಕಸವನ್ನು ಅರೆದು ನೀರಿನ ಜೊತೆ ಪೈಪಿಗೆ ಬಿಡುವ ಯಂತ್ರ. ನಮ್ಮ ಮನೆಯ ಮೊದಲನೆಯದು ನಾಲ್ಕು ವರ್ಷ ಬಾಳಿತೋ ಇಲ್ಲವೋ. ಈಗಿರುವುದು ಹತ್ತು ದಾಟಿ ಓಡುತ್ತಿದೆ. ಅದೇ ಅರ್ಧ ಎಚ್‌ಪಿ, ಅದೇ ಸಿಂಕ್, ಅದೇ ಜನ. "ಏನು ಮಾಡಿದರೂ ಅಷ್ಟೇ, ಐದು ವರ್ಷಕ್ಕೆ ಬಿಸಾಕೋದೇ" ಎಂದಿದ್ದ ನಮ್ಮ ಭಾವ ಈ ನಡುವೆ ತಮ್ಮದನ್ನು ಎರಡು ಸಲ ಬದಲಾಯಿಸಿದರು. ಈಗ ಬಂದಾಗಲೆಲ್ಲ ಸಿಂಕ್ ಕೆಳಗೆ ಬಗ್ಗಿ ನೋಡುತ್ತಾರೆ. ಬಾಯಿ ಬಿಟ್ಟು ಏನೂ ಹೇಳುವುದಿಲ್ಲ.

ಹಳೆಯದನ್ನು ಬಿಸಾಕುವ ಮುಂಚೆ ಬಿಚ್ಚಿ ನೋಡಿದ್ದೆ. ಮೋಟಾರಿನ ಸುರುಳಿ ಚೆನ್ನಾಗೇ ಇತ್ತು. ತಿರುಗುವ ತಟ್ಟೆಯ ಅಂಚನ್ನು ತುಕ್ಕು ತಿಂದಿತ್ತು. ಮೋಟಾರಿನ ಕಡೆ ನೀರು ಇಳಿಯದಂತೆ ತಡೆಯುವ ಶಾಫ್ಟ್ ಸೀಲ್ ಹೋಗಿ, ನೀರು ಬೇರಿಂಗ್‌ಗೆ ಇಳಿದಿತ್ತು. ಅಂದರೆ ಅರೆದು ಅರೆದು ಸತ್ತಿದ್ದಲ್ಲ ಅದು. ಅರೆದ ಮೇಲೆ ಒಳಗೇ ಉಳಿದ ಮುಸುರೆ, ರಾತ್ರಿಯಿಡೀ ಹುಳಿ ಬಂದು ಕೂತು ಅದನ್ನು ತಿಂದಿತ್ತು. ನನ್ನ ವಿಧಾನವೆಲ್ಲ ಇದರ ಮೇಲೇ ನಿಂತಿದೆ: ಯಂತ್ರದೊಳಗೆ ಏನೂ ತಂಗಬಾರದು.

ರಿಪೇರಿಯವರ ಕಥೆಯೂ ಒಂದಿದೆ. ಎರಡನೆಯದು ಹೊಸದರಲ್ಲೇ ಗರಗರ ಅನ್ನತೊಡಗಿದಾಗ ಬಂದವರೊಬ್ಬರು "ಬ್ಲೇಡ್ ಮೊಂಡಾಗಿದೆ, ಬದಲಾಯಿಸಬೇಕು" ಎಂದು ಹೊಸ ಯಂತ್ರದ ಅರ್ಧ ಬೆಲೆ ಹೇಳಿದರು. ಇದರಲ್ಲಿ ಬ್ಲೇಡ್ ಎಲ್ಲಿದೆ ಸ್ವಾಮಿ? ತಟ್ಟೆ ಮೇಲಿನ ಎರಡು ಲೋಹದ ತುಂಡುಗಳು ಕಸವನ್ನು ಸುತ್ತಲಿನ ರಿಂಗ್‌ಗೆ ಎಸೆದು ಉಜ್ಜುತ್ತವೆ, ಅಷ್ಟೇ. ಅವರನ್ನು ಕಳಿಸಿ, ಪ್ಲಗ್ ಕಿತ್ತು, ಟಾರ್ಚ್ ಹಿಡಿದು ನೋಡಿದೆ. ಒಂದು ತುಂಡು ಸಲೀಸಾಗಿ ಅತ್ತಿತ್ತ ಆಡುತ್ತಿತ್ತು. ಇನ್ನೊಂದರ ಬುಡದಲ್ಲಿ ಈರುಳ್ಳಿ ಸಿಪ್ಪೆ ಮತ್ತು ನಾರು ಸುತ್ತಿ ಗಟ್ಟಿಯಾಗಿ, ಅದು ಅಲ್ಲಾಡದೆ ನಿಂತಿತ್ತು. ಒಂದೇ ಕಡೆ ಭಾರ ಬಿದ್ದರೆ ನಡುಗದೆ ಇನ್ನೇನಾಗುತ್ತದೆ? ಉದ್ದದ ಇಕ್ಕಳದಲ್ಲಿ ನಾರು ಎಳೆದು, ಮರದ ಕಡ್ಡಿಯಿಂದ ತುಂಡನ್ನು ಹತ್ತಾರು ಸಲ ಆಡಿಸಿದೆ. ಸದ್ದು ನಿಂತಿತು. ಖರ್ಚು ಸೊನ್ನೆ. ಅಂದಿನಿಂದ ತಿಂಗಳಿಗೊಮ್ಮೆ ಆ ಎರಡನ್ನೂ ಕಡ್ಡಿಯಲ್ಲಿ ಮುಟ್ಟಿ ನೋಡುತ್ತೇನೆ. ಕೈ ಹಾಕುವುದಿಲ್ಲ, ಪ್ಲಗ್ ಕಿತ್ತಿದ್ದರೂ ಸರಿ.

ದಿನದ ಕೆಲಸ ನಿಮಗೆ ಗೊತ್ತಿರುವುದೇ. ತಣ್ಣೀರು ಮೊದಲು, ಆಮೇಲೆ ಸ್ವಿಚ್, ಆಮೇಲೆ ಕಸ, ಅದೂ ಸ್ವಲ್ಪ ಸ್ವಲ್ಪವಾಗಿ. ಬಿಸಿನೀರು ಬಿಟ್ಟರೆ ಜಿಡ್ಡು ಕರಗಿ ಪೈಪಿನೊಳಗೆ ಹೋಗಿ ಹೆಪ್ಪುಗಟ್ಟುತ್ತದೆ. ಆದರೆ ಎಲ್ಲರೂ ಎಡವುವುದು ಕೊನೆಯಲ್ಲಿ. ಸದ್ದು ಹಗುರಾದ ತಕ್ಷಣ ಸ್ವಿಚ್ ಆಫ್, ನಲ್ಲಿ ಬಂದ್. ಇದನ್ನು ಪರೀಕ್ಷೆ ಮಾಡೋಣ ಅಂತ ಒಮ್ಮೆ ಕೆಳಗಿನ ಟ್ರ್ಯಾಪ್, ಅಂದರೆ ಬಾಗಿದ ಪೈಪು, ಬಿಚ್ಚಿ ಬಕೆಟ್ ಇಟ್ಟೆ. ಸದ್ದು ಹತ್ತು ಸೆಕೆಂಡಿಗೆಲ್ಲ ಹಗುರಾಯಿತು. ಬಕೆಟ್‌ಗೆ ಬೀಳುವ ನೀರು ತಿಳಿಯಾಗಲು ಅರ್ಧ ನಿಮಿಷದ ಹತ್ತಿರ ಹಿಡಿಯಿತು. ಮನೆಯಲ್ಲಿ ನನಗೆ ಬೈಗುಳವೂ ಸಿಕ್ಕಿತು, ಅದು ಬೇರೆ. ಅಂದಿನಿಂದ ಸದ್ದು ಹಗುರಾದ ಮೇಲೂ ಅರ್ಧ ನಿಮಿಷ ಓಡಿಸುವುದು ನಮ್ಮನೆ ಕಾನೂನು.

ವಾರಕ್ಕೊಮ್ಮೆ ದೊಡ್ಡ ತೊಳೆತ. ಸಿಂಕ್‌ಗೆ ಬಿರಡೆ ಹಾಕಿ ಮುಕ್ಕಾಲು ಭಾಗ ತಣ್ಣೀರು ತುಂಬಿಸಿ, ಎರಡು ಹನಿ ಪಾತ್ರೆ ಸೋಪು ಬಿಡಿ. ಬಿರಡೆ ಎತ್ತಿ, ಕೂಡಲೇ ಸ್ವಿಚ್ ಹಾಕಿ. ನಲ್ಲಿಯಿಂದ ಸುರಿಯುವ ನೀರು ಒಳಗಿನ ಗೋಡೆಯ ಮೇಲ್ಭಾಗವನ್ನು ಮುಟ್ಟುವುದೇ ಇಲ್ಲ. ಹೀಗೆ ರಭಸದಿಂದ ಇಳಿಯುವ ನೀರು ಯಂತ್ರದೊಳಗಿನ ಇಡೀ ಕೊಠಡಿಯನ್ನು ತುಂಬಿ ತೊಳೆದುಕೊಂಡು ಹೋಗುತ್ತದೆ. ಭಾವ ನಕ್ಕಿದ್ದು ಇದಕ್ಕೇ, "ಸುಮ್ನೆ ನೀರು ದಂಡ" ಅಂತ.

ನಾತ ಬಂದರೆ ಯಂತ್ರವನ್ನು ಬೈಯಬೇಡಿ. ಸಿಂಕ್ ತೂತಿನ ಬಾಯಿಗಿರುವ ರಬ್ಬರ್ ಪರದೆಯನ್ನು ಮಡಚಿ ಅದರ ಅಡಿ ಭಾಗ ನೋಡಿ. ಕಪ್ಪು ಲೋಳೆ ಬೆರಳಿಗೆ ಹತ್ತುತ್ತದೆ. ಹಳೆ ಟೂತ್‌ಬ್ರಷ್, ಸೋಪು, ಎರಡು ನಿಮಿಷ. ಅಡುಗೆ ಸೋಡಾ ಮತ್ತು ವಿನೆಗರ್ ನಾನೂ ತಿಂಗಳುಗಟ್ಟಲೆ ಸುರಿದೆ. ನೊರೆ ಜೋರು, ಕೆಲಸ ಕಡಿಮೆ. ಎರಡೂ ಸೇರಿದರೆ ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ, ಅಲ್ವಾ? ಬ್ಲಾಕ್ ತೆಗೆಯುವ ರಾಸಾಯನಿಕವನ್ನಂತೂ ಹತ್ತಿರ ಸೇರಿಸಬೇಡಿ. ಸೀಲ್‌ಗೂ ರಬ್ಬರ್‌ಗೂ ಅದು ಆಗಿಬರುವುದಿಲ್ಲ.

ಐಸ್ ತುಂಡು ಹಾಕಿದರೆ ಬ್ಲೇಡ್ ಹರಿತವಾಗುತ್ತದೆ ಎನ್ನುವವರಿಗೆ ಏನು ಹೇಳಲಿ! ಹರಿತವಾಗಲು ಅಲ್ಲಿ ಬ್ಲೇಡೇ ಇಲ್ಲ. ಆದರೂ ಐಸ್ ಒಳ್ಳೆಯದೇ, ಅಂಟಿದ್ದನ್ನು ಕೆರೆದು ತೆಗೆಯುತ್ತದೆ. ನಾನು ತಿಂಗಳಿಗೆರಡು ಸಲ ಒಂದು ಬಟ್ಟಲು ಹಾಕುತ್ತೇನೆ. ಜೊತೆಗೆ ಉಪ್ಪು ಹಾಕಿ ನೋಡಿ ಬಿಟ್ಟೆ, ಉಪ್ಪು ಮತ್ತು ಲೋಹ ಸ್ನೇಹಿತರಲ್ಲ. ಈಗ ಐಸ್ ಟ್ರೇಗೆ ಬೇರೆ ಒಂದನ್ನು ಬೆರೆಸಿ ಇಡುತ್ತೇನೆ. ಅದು ಏನು ಅಂತ ಭಾವನಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಒಮ್ಮೆ ಆಲೂಗಡ್ಡೆ ಸಿಪ್ಪೆ ಅರೆದ ನೀರನ್ನು ಬೇಕೆಂದೇ ಬಕೆಟ್‌ನಲ್ಲಿ ಹಿಡಿದು ರಾತ್ರಿ ಬಿಟ್ಟೆ. ಬೆಳಿಗ್ಗೆ ತಳದಲ್ಲಿ ಗೋಂದಿನಂಥ ಬಿಳಿ ಪದರ. ಅದೇ ಪೈಪಿನ ಬಾಗಿನಲ್ಲಿ ಕೂತರೆ? ಆಲೂಗಡ್ಡೆ ಸಿಪ್ಪೆ, ಉಳಿದ ಅನ್ನ, ಕಾಫಿ ಚರಟ, ನಾರಿನ ಸೊಪ್ಪು ಎಲ್ಲ ಈಗ ಕಸದ ಬುಟ್ಟಿಗೆ. ಯಂತ್ರಕ್ಕೆ ಹೋಗುವುದು ತಟ್ಟೆ ತೊಳೆದಾಗ ಉಳಿಯುವ ಚೂರುಪಾರು ಮಾತ್ರ. ಹಾಗಾದರೆ ಡಿಸ್ಪೋಸರ್ ಯಾಕೆ ಬೇಕು ಅಂತ ಕೇಳಬೇಡಿ, ಮನೆಯವರೂ ಅದನ್ನೇ ಕೇಳುತ್ತಾರೆ.

ಸಿಕ್ಕಿಕೊಂಡು ಗುಂಯ್ ಅಂದರೆ ಕೂಡಲೇ ಆಫ್ ಮಾಡಿ, ಪ್ಲಗ್ ಕೀಳಿ. ಅಡಿಯ ತೂತಿಗೆ ಕಾಲು ಇಂಚಿನ ಅಲೆನ್ ಕೀ (ಆರು ಮೂಲೆಯ ಬಾಗಿದ ಕಡ್ಡಿ) ಹಾಕಿ ಎಡಕ್ಕೂ ಬಲಕ್ಕೂ ತಿರುಗಿಸಿ. ಸಿಕ್ಕಿದ್ದನ್ನು ಇಕ್ಕಳದಲ್ಲಿ ತೆಗೆದು, ಹತ್ತು ನಿಮಿಷ ತಣ್ಣಗಾಗಲು ಬಿಟ್ಟು ಯಂತ್ರದ ಅಡಿಯ ಕೆಂಪು ರೀಸೆಟ್ ಬಟನ್ ಒತ್ತಿ.

ಇಷ್ಟು ವರ್ಷಕ್ಕೆ ಖರ್ಚಾಗಿದ್ದು ಎರಡು ರಬ್ಬರ್ ಪರದೆ, ಮೇಲಿನ ಫ್ಲ್ಯಾಂಜ್ (ಸಿಂಕ್ ತೂತಿಗೆ ಕೂರುವ ಲೋಹದ ಬಳೆ) ಸೋರಿದಾಗ ಒಂದು ಡಬ್ಬಿ ಪುಟ್ಟಿ. ಎಲ್ಲ ಸೇರಿ ಹೊಸ ಯಂತ್ರದ ಹತ್ತರಲ್ಲೊಂದು ಪಾಲೂ ಆಗಿರಲಿಕ್ಕಿಲ್ಲ. ಮೇಲೆ ಸೋರಿದರೆ ನೀವೇ ಮಾಡಿಕೊಳ್ಳಿ. ಯಂತ್ರದ ತಳದಿಂದಲೇ ತೊಟ್ಟಿಕ್ಕಿದರೆ ಸೀಲ್ ಹೋಗಿದೆ ಎಂದರ್ಥ. ಅದಕ್ಕೆ ಕೂಲಿ ಕೊಡುವ ಬದಲು ಹೊಸದು ತನ್ನಿ.