ಮಂಡಿ ನೋವಿಗೆ ಶಾಖವೋ, ಐಸೋ? ಮೊದಲು ಮುಟ್ಟಿ ನೋಡಿ

ಮಂಡಿ ನೋವು ಅಂದ ಕೂಡಲೇ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಒಲೆ ಮೇಲೆ ಬಾಣಲೆ ಏರುತ್ತದೆ. ಉಪ್ಪು ಹುರಿದು, ಗಂಟು ಕಟ್ಟಿ ಶಾಖ ಕೊಡುವುದು ಮನೆಮನೆಯ ರೂಢಿ. ಒಳ್ಳೆಯ ರೂಢಿಯೇ. ಆದರೆ ಎಲ್ಲ ನೋವಿಗೂ ಶಾಖ ಆಗಿಬರುವುದಿಲ್ಲ. ಊದಿಕೊಂಡು ಕೆಂಪಾದ ಕೀಲಿಗೆ ಬಿಸಿ ಇಟ್ಟರೆ ಬಾವು ಇನ್ನೂ ಜಾಸ್ತಿಯಾಗಬಹುದು. ಅಲ್ಲಿಗೆ ಬೇಕಾದದ್ದು ತಂಪು. ‘ತಣ್ಣಗಿದ್ದದ್ದು ತಾಗಿದರೆ ನೋವು ಹೆಚ್ಚುತ್ತೆ’ ಅಂತ ಹೆದರಿ ಐಸ್ ಹತ್ತಿರವೂ ಹೋಗದ ಹಿರಿಯರು ತುಂಬಾ ಜನ. ಆ ಹೆದರಿಕೆ ಬಿಡಬೇಕು.

ಕೈ ಇಟ್ಟು ನೋಡಿ

ಕೈಯ ಹಿಂಬದಿಯನ್ನು ಮೊದಲು ಚೆನ್ನಾಗಿರುವ ಮಂಡಿಯ ಮೇಲೆ, ಆಮೇಲೆ ನೋಯುವ ಮಂಡಿಯ ಮೇಲೆ ಇಡಿ. ನೋಯುವುದು ಇನ್ನೊಂದಕ್ಕಿಂತ ಬಿಸಿ ಇದೆಯಾ? ಮಂಡಿಚಿಪ್ಪಿನ ಅಕ್ಕಪಕ್ಕದ ಕುಳಿಗಳು ತುಂಬಿಕೊಂಡು ಊದಿವೆಯಾ? ಹಾಗಿದ್ದರೆ ಐಸ್. ಬಿಸಿಯೂ ಇಲ್ಲ, ಊತವೂ ಇಲ್ಲ, ಬರೀ ಹಿಡಿದುಕೊಂಡಂತಿದೆ ಅಂದರೆ ಶಾಖ.

ಬಿಸಿ ತಾಗಿದಾಗ ರಕ್ತನಾಳಗಳು ಹಿಗ್ಗುತ್ತವೆ, ಬಿಗಿದ ಸ್ನಾಯು ಸಡಿಲವಾಗುತ್ತದೆ. ತಂಪು ತಾಗಿದಾಗ ರಕ್ತನಾಳಗಳು ಕುಗ್ಗುತ್ತವೆ, ಬಾವು ಇಳಿಯುತ್ತದೆ, ಜಾಗ ಮರಗಟ್ಟಿ ನೋವು ಅಷ್ಟಾಗಿ ತಿಳಿಯುವುದಿಲ್ಲ. ಸವೆದ ಕೀಲನ್ನು ಎರಡೂ ಸರಿ ಮಾಡಲಾರವು. ಆದರೆ ನೋವು ತಗ್ಗಿ ನಾಲ್ಕು ಹೆಜ್ಜೆ ನಡೆಯುವಂತಾದರೆ ವಯಸ್ಸಾದವರಿಗೆ ಅದೇನು ಕಡಿಮೆಯಲ್ಲ.

ಶಾಖ ಕೊಡುವುದು ಹೀಗೆ

ಬೆಳಿಗ್ಗೆ ಎದ್ದಾಗ ಕೀಲು ಹಿಡಿದುಕೊಳ್ಳುವವರಿಗೆ ಬಿಸಿನೀರಿನ ಸ್ನಾನಕ್ಕಿಂತ ಸುಲಭದ ಉಪಾಯವಿಲ್ಲ. ಚಳಿಗಾಲದಲ್ಲಂತೂ ಮನೆಕೆಲಸಕ್ಕೆ ಕೈ ಹಾಕುವ ಮೊದಲೇ ಸ್ನಾನ ಮುಗಿಸಿಕೊಳ್ಳಿ.

ಉಪ್ಪಿನ ಗಂಟಿಗೆ ಎರಡು ಹಿಡಿ ಕಲ್ಲುಪ್ಪು ಸಾಕು. ಸಣ್ಣ ಉರಿಯಲ್ಲಿ ಹುರಿಯಿರಿ, ಚಟಪಟ ಅನ್ನಲು ಶುರುವಾದರೆ ಇಳಿಸಿ. ಹಳೇ ಪಂಚೆಯ ತುಂಡನ್ನು ಎರಡು ಮೂರು ಪದರ ಮಡಿಸಿ ಅದರಲ್ಲಿ ಕಟ್ಟಿ. ನೈಲಾನ್ ಬಟ್ಟೆ ಬೇಡ, ಕರಗಿ ಅಂಟಿಕೊಳ್ಳುತ್ತದೆ. ಮಂಡಕ್ಕಿ ಭಟ್ಟಿಯ ಮರಳಿನ ಹಾಗೆ ಉಪ್ಪೂ ಬಹಳ ಹೊತ್ತು ಕಾವು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಅವಸರ ಬೇಡ. ಗಂಟನ್ನು ಮೊದಲು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ಹತ್ತು ಎಣಿಸಿ. ತಡೆಯಲಾಗದಿದ್ದರೆ ಆರಲು ಬಿಡಿ. ಮಂಡಿಗೆ ಕೊಡುವಾಗ ಒಂದೇ ಕಡೆ ಒತ್ತಿ ಹಿಡಿಯಬೇಡಿ, ಒತ್ತಿ ಎತ್ತುತ್ತಾ ಸುತ್ತಲೂ ಕೊಡಿ. 15ರಿಂದ 20 ನಿಮಿಷ ಆದರೆ ನಿಲ್ಲಿಸಿ.

ಹಾಟ್ ವಾಟರ್ ಬ್ಯಾಗ್ ಇದ್ದರೆ ಕುದಿಯುವ ನೀರು ಹಾಕಬೇಡಿ. ಮೂರರಲ್ಲಿ ಎರಡು ಪಾಲು ತುಂಬಿಸಿ, ಗಾಳಿ ಹಿಂಡಿ ತೆಗೆದು ಮುಚ್ಚಳ ಬಿಗಿ ಮಾಡಿ, ಟವೆಲ್ ಸುತ್ತಿ ಇಡಿ. ಅದರ ಮೇಲೆ ಮಲಗಿ ನಿದ್ದೆ ಹೋಗಬೇಡಿ. ಮೈ ಸುಟ್ಟುಕೊಳ್ಳುವವರಲ್ಲಿ ಹೀಗೆ ನಿದ್ದೆ ಹೋದವರೂ ಇರುತ್ತಾರೆ.

ಶಾಖ ಮುಗಿಯುತ್ತಲೇ ಎದ್ದು ಹೋಗಬೇಡಿ. ಕುರ್ಚಿಯಲ್ಲಿ ಕೂತು ಕಾಲನ್ನು ನಿಧಾನ ನೀಟ ಮಾಡಿ, ಐದು ಎಣಿಸಿ ಇಳಿಸಿ. ಹತ್ತು ಸಲ ಮಾಡಿ. ಬಿಗಿತ ಬಿಟ್ಟಿರುವ ಆ ಹೊತ್ತಿನಲ್ಲೇ ಕೀಲು ಚೆನ್ನಾಗಿ ಆಡುತ್ತದೆ.

ಐಸ್ ಇಡುವುದು ಹೀಗೆ

ದುರ್ಗದ ಕೋಟೆ ಹತ್ತಿ ಬಂದ ಸಂಜೆ ಮಂಡಿ ಊದಿತೇ? ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗಲೇ ಎಷ್ಟೋ ಜನರ ಮಂಡಿ ಜಾಸ್ತಿ ನೋಯುತ್ತದೆ. ಹೊಲದ ಬದುವಿನಲ್ಲಿ ಕಾಲು ಉಳುಕಿತೇ? ಮೊದಲ ಎರಡು ದಿನ ಶಾಖ ಬೇಡ, ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ. ಪ್ಲಾಸ್ಟಿಕ್ ಕವರಿಗೆ ಐಸ್ ತುಂಡು ಹಾಕಿ, ಸ್ವಲ್ಪ ನೀರನ್ನೂ ಸೇರಿಸಿ. ಆಗ ಅದು ಮಂಡಿಯ ಸುತ್ತ ಚೆನ್ನಾಗಿ ಕೂರುತ್ತದೆ. ತೆಳು ಟವೆಲ್ ಸುತ್ತಿಯೇ ಇಡಬೇಕು, ಬರಿ ಚರ್ಮಕ್ಕೆ ಐಸ್ ತಾಗಬಾರದು. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟುಕೊಳ್ಳಿ.

ಮೊದಲು ಕೊರೆಯುತ್ತದೆ, ಆಮೇಲೆ ಸ್ವಲ್ಪ ಉರಿಯುತ್ತದೆ, ಕೊನೆಗೆ ಜೋಮು ಹಿಡಿಯುತ್ತದೆ. ಜೋಮು ಹಿಡಿದ ಕೂಡಲೇ ತೆಗೆಯಿರಿ. 10ರಿಂದ 15 ನಿಮಿಷದೊಳಗೆ ಇದೆಲ್ಲ ಮುಗಿಯುತ್ತದೆ. ಚರ್ಮ ಬಿಳಿಚಿದರೆ ಅಥವಾ ನೀಲಿಯಾದರೆ ಒಂದು ಕ್ಷಣವೂ ಇಡಬೇಡಿ. ಮತ್ತೆ ಇಡಲು ಎರಡು ಗಂಟೆ ಬಿಡಿ. ಫ್ರಿಜ್ ಇಲ್ಲವೇ, ಕರೆಂಟ್ ಹೋಗಿದೆಯೇ? ಮಣ್ಣಿನ ಗಡಿಗೆಯ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಹಾಕಿ, ಎರಡು ಮೂರು ನಿಮಿಷಕ್ಕೊಮ್ಮೆ ಬದಲಿಸುತ್ತಾ ಇರಿ. ಐಸಿನಷ್ಟು ಇಲ್ಲದಿದ್ದರೂ ಹಿತವಾಗುತ್ತದೆ.

ಸಕ್ಕರೆ ಕಾಯಿಲೆ ಇದ್ದವರು ಗಮನಿಸಿ

ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇದ್ದವರ ಪಾದದಲ್ಲಿ, ಕಾಲಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು. ಸುಡುತ್ತಿದ್ದರೂ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದ ಮೇಲೇ ತಿಳಿಯುವುದು, ಆ ಗಾಯ ಬೇಗ ಮಾಯುವುದೂ ಇಲ್ಲ. ಸ್ಪರ್ಶ ಹೋದ ಜಾಗಕ್ಕೆ ಬಿಸಿಯೂ ಬೇಡ, ಐಸೂ ಬೇಡ. ಉಳಿದ ಕಡೆ ಶಾಖ ಕೊಡುವುದಾದರೂ ಮನೆಯವರು ಯಾರಾದರೂ ಮೊದಲು ಮುಟ್ಟಿ ನೋಡಲಿ. ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಮಕ್ಕಳು ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ನೋವಿನ ಬಾಮ್ ಹಚ್ಚಿದ ಮೇಲೆ ಶಾಖ ಕೊಡುವುದೂ ಯಾರಿಗೂ ಒಳ್ಳೆಯದಲ್ಲ, ಚರ್ಮ ಸುಡುತ್ತದೆ. ಚಳಿಗೆ ಬೆರಳು ಬೆಳ್ಳಗಾಗುವವರು ಐಸ್ ಬಿಟ್ಟುಬಿಡಿ.

ಬೆಳಗಿನ ಬಿಗಿತ ಒಂದು ಗಂಟೆ ಕಳೆದರೂ ಬಿಡದೆ, ಎರಡೂ ಕೈಯ ಬೆರಳ ಗೆಣ್ಣು ಊದುತ್ತಿದ್ದರೆ ಅದು ಬರೀ ಸವೆತವಲ್ಲದೆ ಇರಬಹುದು, ಡಾಕ್ಟರಿಗೆ ತೋರಿಸಿ. ಒಂದೇ ಕೀಲು ಏಕಾಏಕಿ ಊದಿ, ಕೆಂಪಾಗಿ, ಜೊತೆಗೆ ಜ್ವರ ಬಂದರೆ ಒಳಗೆ ಸೋಂಕು ತಗುಲಿ ಕೀವು ಆಗಿರಬಹುದು. ಆಗ ಉಪ್ಪು, ಐಸ್ ಅಂತ ಕಾಯುತ್ತಾ ಕೂರಬೇಡಿ. ದಾವಣಗೆರೆಯ ಜಿಲ್ಲಾಸ್ಪತ್ರೆಯೋ, ದುರ್ಗದ್ದೋ, ಹತ್ತಿರ ಇರುವುದಕ್ಕೆ ಅದೇ ದಿನ ಹೋಗಿ.